ಹುರುಪೆ

ಬೆಳಿಗ್ಗೆ ಆರೂವರೆಗೆ ಶಿವಮೊಗ್ಗದ ಮೀನು ಮಾರ್ಕೆಟ್ಟಿನಲ್ಲಿ
ಬಿಳಿ ಕೋಟಿಲ್ಲದ ನನ್ನನ್ನು ಯಾರೂ ಮೇಡಂ ಅನ್ನುವುದಿಲ್ಲ.
"ಬಂದ್ಲು ನೋಡು ಕಸದೋಳು" ಅನ್ನುತ್ತಾಳೆ ಹಾಲಮ್ಮ,
ಈಳಿಗೆಮಣೆಯ ಮೇಲೆ ಒಂದು ಕಾಲು ಮಡಚಿ
ಭದ್ರೆಯ ಹಿನ್ನೀರಿನ ಐದು ಕೇಜಿ ಕಾಟ್ಲಾವನ್ನು
ಬಾಲದಿಂದ ತಲೆಗೆ ಹೆರೆಯುತ್ತ.
ಹುರುಪೆ ಹಾರುತ್ತದೆ,
ಅವಳ ಮೂಗುಬೊಟ್ಟಿಗೆ, ಗಿರಾಕಿಯ ಮೊಬೈಲಿಗೆ,
ನನ್ನ ಕಾಲ್ಬೆರಳ ಸಂದಿಗೆ.

ತಲೆ ಒಬ್ಬರಿಗೆ, ನಡುತುಂಡು ಒಬ್ಬರಿಗೆ,
ಮೊಟ್ಟೆ, ಮನೆಯಲ್ಲಿ ಬಸುರಿ ಮಗಳಿದ್ದವರಿಗೆ,
ಕರುಳು ತಗಡಿನ ಮೇಲೆ ಕಾದು ಕೂತ ಹದ್ದಿಗೆ.
ಹದ್ದಿಗೂ ಬೇಡದ್ದು
ಹಳೇ ಪೇಂಟಿನ ಡಬ್ಬಿಯಲ್ಲಿ, ಮೇಲೊಂದು ಹಿಡಿ ಐಸು,
ನನಗೆ.

ಶಂಕರಘಟ್ಟದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವತ್ತೂ ಖಾಲಿ.
"ಲಕ್ಕಿನಕೊಪ್ಪದ ತನಕನಾದ್ರೂ ಕಿಟಕಿ ತೆಗೆದಿಡಮ್ಮಾ"
ಅನ್ನುತ್ತಾನೆ ಕಂಡಕ್ಟರು.

ತೊಳೆಯುವುದು. ಮತ್ತೆ ತೊಳೆಯುವುದು.
ಉಪ್ಪುನೀರಲ್ಲಿ ಒಂದು ದಿನ, ಕ್ಷಾರದಲ್ಲಿ ಒಂದು,
ಸುಣ್ಣದಂಶ ಬಿಡುವ ತನಕ ಇನ್ನೊಂದು ನೀರು.
ಆಮೇಲೆ ಹುಳಿ, ನಾಲ್ಕು ಡಿಗ್ರಿ ತಣ್ಣಗೆ, ಮೂರು ರಾತ್ರಿ.
ತಳದಲ್ಲಿ ಅಯಸ್ಕಾಂತದ ಕಡ್ಡಿ ತನ್ನಷ್ಟಕ್ಕೆ ತಿರುಗುತ್ತದೆ,
ಮಜ್ಜಿಗೆ ಕಡೆಯುವವಳು ಎದ್ದು ಹೋದ ಮೇಲೂ
ನಿಲ್ಲಲು ಮರೆತ ಕಡಗೋಲು.
ಗಾಜಿನಂತೆ ಗೀರುತ್ತಿದ್ದ ಹುರುಪೆ ಮೆತ್ತಗಾಗಿ
ಬಿಗಿಹಿಡಿದದ್ದನ್ನು ಬಿಡುತ್ತದೆ. ಕೊಲಾಜನ್.

"ಕೊಲಾ... ಏನದು, ಕೊಲೆನಾ?" ಹಾಲಮ್ಮ ನಕ್ಕಳು.
ಸ್ಕೂಲಿಗೆ ಹೊರಟ ಮೊಮ್ಮಗಳು ಸಿಂಚನಳ ಜಡೆ ಹಿಡಿದು ತೋರಿಸಿದೆ:
ಇದೇ. ಮೂರೆಳೆ, ಒಂದನ್ನೊಂದು ಸುತ್ತಿ ಬಿಗಿದದ್ದು.
ನಿನ್ನ ಚರ್ಮದಲ್ಲೂ ಇದೆ, ಮಂಡಿಯ ಕೀಲಲ್ಲೂ,
ಹೆಬ್ಬೆರಳಿನ ಆ ಹಳೇ ಗಾಯ ಕೂಡಿಕೊಂಡದ್ದೂ ಇದರಿಂದಲೇ.
"ಬಿಚ್ಚಿ ಹೋದ್ರೆ?" ಅಂದಳು ಹುಡುಗಿ.
ಬಿಸಿ ತಾಗಿದರೆ ಬಿಚ್ಚುತ್ತದೆ.
ಹಿಮಗಡಲಿನ ಮೀನಿನ ಜಡೆ ಅಂಗೈ ಬಿಸಿಗೇ ಸಡಿಲ,
ನಮ್ಮ ಭದ್ರೆಯದ್ದು ಒಂದಿಷ್ಟು ತಾಳುತ್ತದೆ.

ಒಂದಿಷ್ಟು, ಅಷ್ಟೆ.
ಏಪ್ರಿಲ್‌ನ ಒಂದು ಶನಿವಾರ ರಾತ್ರಿ ಹೋದ ಕರೆಂಟು
ಸೋಮವಾರ ಬಂತು.
ಜನರೇಟರಿನ ಡೀಸೆಲ್ಲು ಮಂಜೂರಾಗಿರಲಿಲ್ಲ.
ಆರು ವಾರದ ಕೆಲಸ ಬೀಕರಿನಲ್ಲಿ ತೆಳ್ಳನೆ ಗಂಜಿ.
'ಕೆಟ್ಟಿದೆ' ಅಂತ ಬರೆದು ತಾರೀಖು ಹಾಕಿ
ಕ್ಯಾಂಟೀನಿಗೆ ಹೋಗಿ ಎರಡು ಬನ್ಸ್ ತಿಂದೆ.

ಜುಲೈನಲ್ಲಿ ಕೊನೆಗೂ
ಅಂಗೈ ಅಗಲದ ಒಂದು ಬಿಳಿ ಹಾಳೆ.
ಉಸಿರು ಬಿಟ್ಟರೆ ಹಾರುವಷ್ಟು ಹಗುರ.
ಸುಟ್ಟ ಗಾಯದ ಮೇಲೆ ಹೊದಿಸಬಹುದು
(ಸದ್ಯಕ್ಕೆ ಇಲಿಗಳ ಗಾಯ).
ಒಂದು ಚೂರು ಕವರಿನಲ್ಲಿ ಹಾಲಮ್ಮನಿಗೆ ಒಯ್ದೆ.
ಕೈ ಒರೆಸಿಕೊಂಡಳು. ಮೂಗಿಗೆ ಹಿಡಿದಳು.
ತಿರುಗಿಸಿ ಮತ್ತೆ ಹಿಡಿದಳು.
"ವಾಸನೆ ಎಲ್ಲಿಗ್ ಹೋಯ್ತು?"

ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ.

"ನಾನೂ ಹುಳಿ ಹಾಕಿದ್ದೆ ಕಣವ್ವ, ನಲವತ್ತು ವರ್ಷ.
ಮಗಳ ಬೀಗರು ಬರೋ ದಿನ ನಿಂಬೆಸಿಪ್ಪೆ ಉಜ್ಜಿ ಉಜ್ಜಿ
ಕೈಯೆಲ್ಲ ರಕ್ತ. ಹೋಗ್ಲಿಲ್ಲ.
ಬಾಗಿಲಲ್ಲೇ ಗೊತ್ತಾಗೋಯ್ತು ಅವ್ರಿಗೆ."
ಚೂರನ್ನು ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡಳು,
ವಾಪಸ್ ಕೊಡಲಿಲ್ಲ.

ಮಾರನೇ ದಿನ ಸಿಂಚನ ಮೊಬೈಲು ಹಿಡಿದು ಕಾದಿದ್ದಳು:
ಮುಖ ಮಿನುಗಿಸುವ ಪುಡಿ, ಡಬ್ಬಿಗೆ ಸಾವಿರದ ಎಂಟುನೂರು.
ಹಾಲಮ್ಮ ಮೀನಿನಿಂದ ತಲೆ ಎತ್ತಲಿಲ್ಲ.
"ಕೇಜಿಗೆ ಹತ್ತು ರೂಪಾಯಿ.
ಇನ್ಮೇಲೆ ಕಸ ಅನ್ಬಾರ್ದು."
ನಾನು ಯಾವತ್ತೂ ಅಂದಿರಲಿಲ್ಲ. ಎಣಿಸಿ ಕೊಟ್ಟೆ.

ನಾಲ್ಕು ತಿಂಗಳಿಂದ ಬಾರದ ಸ್ಟೈಪೆಂಡಿನ ಜೊತೆಗೆ
ಈ ಬಿಲ್ಲೂ ಕಚೇರಿಗೆ ಹೋಗಿ ವಾಪಸ್ ಬಂತು:
ಕಚ್ಚಾವಸ್ತು ನೂರಿಪ್ಪತ್ತು ರೂಪಾಯಿ, ರಸೀದಿ ಲಗತ್ತಿಸಿಲ್ಲ.
ಮಾರ್ಕೆಟ್ಟಿಗೆ ಒಯ್ದೆ. ಹಾಲಮ್ಮ ಪೆನ್ನು ಹುಡುಕಲಿಲ್ಲ.
ಕೆಲಸದ ಕೈಯಲ್ಲೇ ಹೆಬ್ಬೆರಳು ಒತ್ತಿದಳು,
ಗೆರೆಗಳ ನಡುವೆ ಹುರುಪೆಯೊಂದು ಅಂಟಿ ಉಳಿಯಿತು,
ಸರ್ಕಾರಿ ಸೀಲಿಗಿಂತ ದುಂಡಗೆ.

ಫೈಲು ಇನ್ನೂ ಲೆಕ್ಕಪತ್ರ ವಿಭಾಗದಲ್ಲಿದೆ.
ಕಿಟಕಿ ತೆಗೆದಿಟ್ಟಿದ್ದಾರಂತೆ.